ಹೂಡಿದ ಎತ್ತನ್ನ ಯಾರು ಆಡಿಸ್ತಾರೆ?

ಪಸ್ತಾಪುರ, ಜಹೀರಾಬಾದ್ ಕಡೆ ನಾಯಿ ಅಂದರೆ ಎರಡೇ ಲೆಕ್ಕ. ಹೊಲ, ಕುರಿ ಕಾಯೋದು ಒಂದು, ಬೀದಿ ಅಲೆಯೋದು ಇನ್ನೊಂದು. ಕಣ್ಣಿಲ್ಲದವರನ್ನ ರಸ್ತೆ ದಾಟಿಸುವ ನಾಯಿಯೂ ಉಂಟು ಅಂದರೆ ಸರ್ಕಸ್ಸಿನ ಮಾತು ಅಂತ ಜನ ನಗ್ತಾರೆ. ಇದು ನಗುವ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡ ಸಿಪಾಯಿಗಳಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ 1916ರಲ್ಲೇ ಇಂಥ ನಾಯಿಗಳ ಶಾಲೆ ಶುರುವಾಯಿತು. ಅಮೆರಿಕದಲ್ಲಿ 1929ರಲ್ಲಿ. ಈಗ ಕಿವಿ ಕೇಳದವರಿಗೆ ಬಾಗಿಲು ಬಡಿದದ್ದು ತಿಳಿಸುವ, ಗಾಲಿಕುರ್ಚಿಯವರಿಗೆ ಬಿದ್ದ ವಸ್ತು ಎತ್ತಿಕೊಡುವ ನಾಯಿಗಳೂ ಇವೆ.

ಈ ನಾಯಿಗೆ ಊರ ದಾರಿಯೆಲ್ಲಾ ಗೊತ್ತು ಅನ್ನೋದು ತಪ್ಪು ತಿಳಿವಳಿಕೆ. ಎಲ್ಲಿಗೆ ಹೋಗಬೇಕು ಅಂತ ಹೇಳುವವನು ಮನುಷ್ಯನೇ. ಗುಂಡಿ, ಕಂಬ ತಪ್ಪಿಸೋದು, ಮೆಟ್ಟಿಲು ಬಂದರೆ ನಿಲ್ಲೋದು ನಾಯಿಯ ಕೆಲಸ. ಗಾಡಿ ಬರುತ್ತಿದ್ದರೆ 'ನಡಿ' ಅಂದರೂ ಅದು ಕದಲೋದಿಲ್ಲ. ಅಂಥಾ ಹೊತ್ತಿನಲ್ಲಿ ಯಾರೋ ತಲೆ ಸವರಿದರೆ, ಬಿಸ್ಕತ್ತು ತೋರಿಸಿದರೆ ನಾಯಿಯ ಗಮನ ತಪ್ಪುತ್ತದೆ, ಅಪಾಯ ಒಡೆಯನಿಗೆ. ರೈತರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೂರಿಗೆಗೆ ಹೂಡಿದ ಎತ್ತಿಗೆ ಯಾರಾದರೂ ಮೇವು ತೋರಿಸ್ತಾರೇನು?

ಹಂಗಂತ ನಾಳೆಯೇ ಒಂದು ನಾಯಿ ತಂದರೆ ನಮ್ಮಲ್ಲಿ ನಡೆದೀತೇ? ನಮ್ಮ ದೇಶದಲ್ಲೇ ಅಂಥವು ಬಹಳ ವಿರಳ. ಬೀದಿನಾಯಿಗಳ ಹಿಂಡು ಮೈಮೇಲೆ ಬಂದರೆ ಅದು ಒಡೆಯನನ್ನ ಕಾಯಬೇಕೋ, ತನ್ನನ್ನ ಕಾಯ್ಕೋಬೇಕೋ? ಕಂಡಕ್ಟರ್ ಬಸ್ಸಿಗೆ ಹತ್ತಿಸ್ಕೊಂತಾನೇನು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆ ಗುರುತಿಸಿ, ಬಸ್ಸು, ನಿಲ್ದಾಣ, ಕಚೇರಿಗಳು ಅವರ ಬಳಕೆಗೆ ಅನುಕೂಲವಾಗಿರಬೇಕು ಅಂತ ಹೇಳಿದೆ. ಕಾಗದದ ಮಾತು ಇನ್ನೂ ಸಂತೆಗೆ ಬರಬೇಕಾಗಿದೆ.

ಪಕ್ಕದ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಅದೆ. ಮುಧೋಳ ಬೇಟೆಯ ತಳಿ, ಮೊಲ ಕಂಡರೆ ಬೆನ್ನಟ್ಟೋದು ಅದರ ಗುಣ. ದಾರಿ ತೋರೋದಕ್ಕೆ ಲ್ಯಾಬ್ರಡಾರ್‌ನಂಥ ಶಾಂತ ತಳಿ ಬೇಕು. ಆದರೂ ನಾಯಿಯ ಮರ್ಮ ಬಲ್ಲವರು ಅಲ್ಲಿದ್ದಾರೆ, ಈ ಕೆಲಸಕ್ಕೂ ಮನಸ್ಸು ಮಾಡಲಿ.

ಅಲ್ಲಿವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಬಿಳಿ ಕೋಲಿಗೇ ದಾರಿ ಬಿಡದ ಊರು ನಾಯಿಗೆ ಬಿಟ್ಟೀತೇ? ಕೋಲು ಹಿಡಿದವರು ಕಂಡರೆ ಕೇಳದೆ ರೆಟ್ಟೆ ಹಿಡಿದು ಎಳೀಬ್ಯಾಡ್ರಿ. 'ಸಹಾಯ ಬೇಕೇನ್ರಿ' ಅಂತಲೋ, 'ಸಾಯಂ ಕಾವಾಲಾ ಅಂಡಿ' ಅಂತಲೋ ಮೊದಲು ಕೇಳ್ರಿ. ವ್ಯಾಪಾರಿಗಳು ಅಂಗಡಿ ಮುಂದಿನ ಕಾಲುದಾರಿ ಮೇಲೆ ಮೂಟೆ ಒಟ್ಟೋದು ಬಿಡಲಿ. ಅದಕ್ಕೆ ಸರ್ಕಾರದ ಆರ್ಡರೂ ಬೇಕಿಲ್ಲ, ರೊಕ್ಕವೂ ಬೇಕಿಲ್ಲ.