ಅಪ್ಪ ತುಂಬದ ಪ್ರಶ್ನಾವಳಿ

ಊರಿಗೆ ಫೋನ್ ಮಾಡಿದಾಗೆಲ್ಲ ದೊಡ್ಡಮ್ಮ ಕೇಳೋದು ಒಂದೇ: "ಇನ್ನೂ ಮುಗೀಲಿಲ್ವಾ ನಿನ್ ಓದು?"

ನಾಲ್ಕು ವರ್ಷದಿಂದ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ಪಿಎಚ್.ಡಿ. ಮಾಡ್ತಿದ್ದೀನಿ. ಹಾಗಂದ್ರೇನು ಅಂತ ಮಿರ್ಲೆಯಲ್ಲಿ ಯಾರಿಗೂ ವಿವರಿಸಿ ಗೆದ್ದಿಲ್ಲ. ಹೊಸ ತಂತ್ರಜ್ಞಾನ ಬಂದಾಗ ಜನ ಯಾಕೆ ಒಪ್ಪುತ್ತಾರೆ, ಯಾಕೆ ದೂರ ಇಡುತ್ತಾರೆ ಅನ್ನೋದು ನನ್ನ ಪಾಲಿನ ಪ್ರಶ್ನೆ. ಆರಿಸಿಕೊಂಡದ್ದು ಭತ್ತದ ನಾಟಿ ಯಂತ್ರ. ಕೆ.ಆರ್. ನಗರ ಸೀಮೆಯವಳಿಗೆ ಇನ್ನೇನು ತೋಚುತ್ತೆ ಹೇಳಿ.

ಈ ವಿಷಯದ ಬೇರೂ ಹೊಲದಲ್ಲೇ ಇದೆ. ರಯಾನ್ ಮತ್ತು ಗ್ರಾಸ್ ಅನ್ನೋ ಇಬ್ಬರು ಅಯೋವಾದ 259 ರೈತರನ್ನು ಮಾತಾಡಿಸಿ, ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹಬ್ಬಿತು ಅಂತ 1943ರಲ್ಲಿ ಬರೆದರು. 1962ರಲ್ಲಿ 'ಡಿಫ್ಯೂಷನ್ ಆಫ್ ಇನ್ನೊವೇಶನ್ಸ್' ಬರೆದ ಎವರೆಟ್ ರೋಜರ್ಸ್ ಕೂಡ ಅಯೋವಾದ ರೈತನ ಮಗ. ಅವರಪ್ಪನಿಗೆ ಹೊಸ ಯಂತ್ರ ಅಂದ್ರೆ ಇಷ್ಟ, ಹೈಬ್ರಿಡ್ ಬೀಜ ಮಾತ್ರ ಬೇಡ. 1936ರ ಬರದಲ್ಲಿ ಪಕ್ಕದವರ ಬೆಳೆ ನಿಂತು ತಮ್ಮದು ಒಣಗಿದ ಮೇಲೇ ಒಪ್ಪಿದ್ದು. ಎಲ್ಲರಿಗಿಂತ ಕೊನೆಗೆ ಒಪ್ಪುವವರಿಗೆ ರೋಜರ್ಸ್ ಇಟ್ಟ ಹೆಸರು 'ಲ್ಯಾಗಾರ್ಡ್ಸ್'. ಹಿಂದುಳಿದವರು.

ನನ್ನ ಪಟ್ಟಿಯಲ್ಲಿ ಅಪ್ಪ ಅಲ್ಲೇ ಇದ್ದ.

ಪ್ರಶ್ನಾವಳಿಯಲ್ಲಿ 42 ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಏಳರೊಳಗೆ ಅಂಕ ಕೊಡಬೇಕು. ಚಿಕ್ಕಪ್ಪನ ಮಗ ಮನೆಮನೆಗೆ ಹೋಗಿ ತುಂಬಿಸ್ತಿದ್ದ. ಅಪ್ಪನ ಹಾಳೆ ಮಾತ್ರ ಖಾಲಿ ಬಂತು. ಬೇಜಾರಾಗಿ ಫೋನ್ ಮಾಡಿದೆ. ನನಗೆ ರಾತ್ರಿ ಎಂಟು, ಅಪ್ಪನಿಗೆ ಮರುದಿನ ಬೆಳಿಗ್ಗೆ ಎಂಟೂವರೆ.

"ನಾನು ಹೇಳಬೇಕಾದ್ದಕ್ಕೆ ಇದ್ರಲ್ಲಿ ಜಾಗಾನೇ ಇಲ್ವಲ್ಲವ್ವ," ಅಂದ.

ಆಮೇಲೆ ಹೇಳಿದ್ದು ಇಷ್ಟು. ಮೆಷಿನ್ನಿಗೆ ಟ್ರೇನಲ್ಲಿ ಬೆಳೆಸಿದ ಎಳೇ ಪೈರೇ ಬೇಕು, ಹದಿನೈದು ಹದಿನೆಂಟು ದಿನದ್ದು. ಬಲಿತರೆ ಸರಿಯಾಗಿ ನೆಡಲ್ಲ. ಒಟ್ಲು ಬಿಟ್ಟ ಪೈರಾದ್ರೆ ನಾಲೆ ನೀರು ವಾರ ತಡವಾದ್ರೂ ಕಾಯುತ್ತೆ. "ನೀರು ಯಾವತ್ತು ಬಿಡ್ತಾರೆ ಅಂತ ನಿಮ್ ಮೇಷ್ಟ್ರು ಹೇಳ್ತಾರಾ? ಹೇಳಿದ್ರೆ ನಾಳೇನೇ ಟ್ರೇ ಹಾಕ್ತೀನಿ."

ನಾನು ಹುಡುಕ್ತಿದ್ದ ಕಾರಣ ಅಪ್ಪನ ತಲೆಯೊಳಗಿರಲಿಲ್ಲ, ನಾಲೆಯಲ್ಲಿತ್ತು. ಒಪ್ಪದ ಮನುಷ್ಯನ ಮೇಲೇ ತಪ್ಪು ಹೊರಿಸೋ ಈ ಚಾಳಿಯ ಬಗ್ಗೆ ರೋಜರ್ಸೇ ಆಮೇಲೆ ಎಚ್ಚರಿಸಿದ್ದಾರೆ. ಆ ಪುಟಕ್ಕೆ ನಾನು ಹಳದಿ ಗೆರೆ ಎಳೆದಿದ್ದೆ, ಪರೀಕ್ಷೆಗೆ.

ಗೈಡ್ ಹತ್ರ ಹೋಗಿ, ನೀರಿನ ಲೆಕ್ಕ ಸೇರಿಸಿ ಮತ್ತೆ ಸಮೀಕ್ಷೆ ಮಾಡ್ತೀನಿ ಅಂದೆ. "ಒಂದು ವರ್ಷ ಹೆಚ್ಚಾಗುತ್ತೆ. ನಿನ್ನ ಅಸಿಸ್ಟೆಂಟ್‌ಶಿಪ್ ಮೇ ತನಕ ಮಾತ್ರ. ಇದ್ದದ್ದನ್ನೇ ಬರೆದು ಮುಗಿಸಿದರೂ ಪಾಸಾಗ್ತೀಯ," ಅಂದ್ರು. ಸುಳ್ಳಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೆಮಿಸ್ಟರ್ ನಡೆಯುವಾಗ ವಿದೇಶಿ ವಿದ್ಯಾರ್ಥಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡೀಬಹುದು, ಹೊರಗಡೆ ಅಂಗಡೀಲಿ ನಿಲ್ಲೋ ಹಾಗಿಲ್ಲ. ಸದ್ಯ ಲೈಬ್ರರಿಯಲ್ಲಿ ಪುಸ್ತಕ ಜೋಡಿಸೋ ಕೆಲಸ ಸಿಕ್ಕಿದೆ. ರೂಮಿಗೆ ಇನ್ನೊಬ್ಬಳನ್ನ ಸೇರಿಸಿಕೊಂಡಿದ್ದೀನಿ. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ.

ಹೊಸ ಪ್ರಶ್ನಾವಳಿಯ ಮೊದಲ ಸಾಲು: ನಿಮ್ಮ ಗದ್ದೆಗೆ ನೀರು ಎಲ್ಲಿಂದ ಬರುತ್ತೆ?

ಮೊನ್ನೆ ಅಪ್ಪನೇ ಫೋನ್ ಮಾಡಿದ್ದ. ಬೋರ್‌ವೆಲ್ ಪಕ್ಕದ ಅರ್ಧ ಎಕರೆಗೆ ಮೆಷಿನ್ ಹಾಕಿಸಿ ನೋಡ್ತಾನಂತೆ. ಟ್ರೇ ಎಷ್ಟು ಬೇಕಾಗುತ್ತೆ ಅಂತ ನನ್ನನ್ನೇ ಕೇಳಿದ. ಗೊತ್ತಿರಲಿಲ್ಲ.