ದೀಪ ಹೊತ್ತಿದರೆ ಸೆನ್ಸರ್ ಬದಲಿಸಬೇಕೇ?

ನಮ್ಮ ಚಿಕ್ಕಪ್ಪನ ಪೆಟ್ರೋಲ್ ವ್ಯಾನ್ ಕಣಕಟ್ಟೆ ಸುತ್ತಲಿನ ತೋಟಗಳಿಂದ ಕೊಬ್ಬರಿ ಚೀಲ ಹೇರಿಕೊಂಡು ಅರಸೀಕೆರೆ, ತಿಪಟೂರಿಗೆ ಓಡುತ್ತದೆ. ಹೋದ ಬೇಸಿಗೆಯಲ್ಲಿ ಅದರ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಪೇಟೆಯ ವರ್ಕ್‌ಶಾಪ್‌ನವರು ಸ್ಕ್ಯಾನರ್ ಸಿಕ್ಕಿಸಿ ನೋಡಿ ‘ಆಕ್ಸಿಜನ್ ಸೆನ್ಸರ್ ಹೋಗಿದೆ’ ಎಂದರು. ಹೊಸದು ಹಾಕಿಸಿದ್ದಕ್ಕೆ ಒಂದು ವಾರದ ಬಾಡಿಗೆ ದುಡ್ಡು ಹೋಯಿತು. ಮೂರನೇ ದಿನ ದೀಪ ಮತ್ತೆ ಹೊತ್ತಿತು.

‘ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದೇನು ನೋಡೋ’ ಎಂದರು ಚಿಕ್ಕಪ್ಪ. ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿರುವ ನನಗೆ ಸೆನ್ಸರ್‌ನ ಚಿತ್ರ ಬರೆದು ಅಂಕ ತೆಗೆಯಲು ಗೊತ್ತಿತ್ತು. ವ್ಯಾನಿನಲ್ಲಿ ಅದು ಎಲ್ಲಿದೆ ಎಂದು ತೋರಿಸಲು ಗೊತ್ತಿರಲಿಲ್ಲ.

ಗೆಳೆಯನ ಬ್ಲೂಟೂತ್ ಸ್ಕ್ಯಾನರ್ ತಂದು ನೋಡಿದೆ. ಪಿ0135 ಎಂಬ ಕೋಡ್ ಬಂತು. ಅದರ ಅರ್ಥ ‘ಸೆನ್ಸರ್ ಹಾಳಾಗಿದೆ’ ಎಂದಲ್ಲ, ‘ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷವಿದೆ’ ಎಂದು. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಈ ಸೆನ್ಸರ್ ಹೇಳುತ್ತದೆ, ಅದನ್ನು ನಂಬಿ ಎಂಜಿನ್‌ನ ಕಂಪ್ಯೂಟರ್ ಪೆಟ್ರೋಲ್ ಅಳೆಯುತ್ತದೆ. ಆದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗದೆ ಅದು ಸರಿಯಾಗಿ ಕೆಲಸ ಮಾಡದು. ಬೇಗ ಬಿಸಿ ಮಾಡಲೆಂದೇ ಒಳಗೊಂದು ಹೀಟರ್. ಸರ್ಕ್ಯೂಟ್ ಎಂದರೆ ಆ ಹೀಟರ್ ಜೊತೆಗೆ ಫ್ಯೂಸ್, ವೈರ್, ಕನೆಕ್ಟರ್ ಎಲ್ಲವೂ.

ಊರಿನ ಮೆಕ್ಯಾನಿಕ್ ಅಣ್ಣನ ಬಳಿ ಸ್ಕ್ಯಾನರ್ ಇಲ್ಲ, ಮಲ್ಟಿಮೀಟರ್ ಇದೆ. ಕೋಡ್‌ನ ಅರ್ಥ ಹೇಳಿದ್ದೇ ತಡ, ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿಸಿದರು. 12 ವೋಲ್ಟ್ ಬರಬೇಕಾದಲ್ಲಿ ಏನೂ ಇಲ್ಲ. ವೈರಿನ ಗುಂಟ ಕೈಯಾಡಿಸುತ್ತಾ ಹೋದರೆ ಒಂದು ಕಡೆ ಇಲಿ ಕಡಿದಿತ್ತು! ಕೊಬ್ಬರಿ ಸಾಗಿಸುವ ಗಾಡಿಗೆ ಇಲಿ ಬರದೇ ಇರುತ್ತದೆಯೇ? ವೈರ್ ಜೋಡಿಸಿ ಟೇಪ್ ಸುತ್ತಿದರು, ದೀಪ ಆರಿತು. ಬಿಚ್ಚಿಟ್ಟಿದ್ದ ಹಳೆಯ ಸೆನ್ಸರ್‌ನ ಹೀಟರ್ ಅಳೆದರೆ ಅದೂ ಚೆನ್ನಾಗಿಯೇ ಇತ್ತು.

ಸೆನ್ಸರ್ ಕೆಡುವುದೇ ಇಲ್ಲ ಎಂದಲ್ಲ. ಮಸಿ ಕಟ್ಟಿ, ಎಂಜಿನ್ ಆಯಿಲ್ ಸುಟ್ಟು, ವಯಸ್ಸಾಗಿ ಕೆಡುತ್ತದೆ. ಆದರೆ ಸೆನ್ಸರ್‌ಗಿಂತ ಮೊದಲು ಪೈಪ್ ಸೀಳಿ ಹೊರಗಿನ ಗಾಳಿ ಸೇರಿದರೂ ಅದು ‘ಆಮ್ಲಜನಕ ಜಾಸ್ತಿ’ ಎಂದೇ ಹೇಳುತ್ತದೆ. ನಿಜ ಹೇಳಿದ್ದಕ್ಕೆ ಅದನ್ನೇ ಕಿತ್ತು ಬಿಸಾಡುತ್ತೇವೆ. ಇನ್ನು ಕೆಲವರು ದೀಪದ ಮೇಲೆ ಸ್ಟಿಕ್ಕರ್ ಅಂಟಿಸಿ ಓಡಿಸುತ್ತಾರೆ. ಅದೇ ದೀಪ ಮಿನುಗತೊಡಗಿದರೆ ಮಾತ್ರ ಗಾಡಿ ನಿಲ್ಲಿಸಲೇಬೇಕು. ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಬೈಕುಗಳಲ್ಲೂ ಈ ದೀಪ ಸಾಮಾನ್ಯವಾಗಿದೆ. ‘ಇದೆಲ್ಲ ಕಂಪ್ಯೂಟರ್ ಗಾಡಿ, ನಮ್ಮ ಕೈಲಾಗಲ್ಲ’ ಎಂದು ಹಳ್ಳಿ ಮೆಕ್ಯಾನಿಕ್‌ಗಳು ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದಾರೆ. ಅವರಿಗೆ ಕೈಚಳಕವಿದೆ, ಕೋಡ್ ಓದಲು ಬರುವುದಿಲ್ಲ. ನಮಗೆ ಕೋಡ್ ಓದಲು ಬರುತ್ತದೆ, ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಎಂಜಿನಿಯರಿಂಗ್ ಮತ್ತು ಐಟಿಐ ಕಾಲೇಜುಗಳು ಭಾನುವಾರ ತಮ್ಮ ಲ್ಯಾಬ್‌ಗಳನ್ನು ಇಂಥ ಮೆಕ್ಯಾನಿಕ್‌ಗಳಿಗೆ ತೆರೆದು, ನಮ್ಮನ್ನೂ ಅವರ ಪಕ್ಕ ನಿಲ್ಲಿಸಲಿ. ಬೆಂಗಳೂರಿನ ಕಂಪನಿಗಳಿಗೆ ರೆಸ್ಯೂಮ್ ಕಳಿಸಿ ಕಾಯುತ್ತಿರುವ ನನ್ನ ಸೀನಿಯರ್‌ಗಳಲ್ಲಿ ಒಬ್ಬಿಬ್ಬರಾದರೂ ಊರಲ್ಲೇ ಇದನ್ನು ಕಸುಬು ಮಾಡಿಕೊಳ್ಳಬಹುದು. ಕಾಲೇಜಿಗೆ ನಾವು ನಾಲ್ವರು ಸಹಿ ಹಾಕಿ ಮನವಿ ಕೊಟ್ಟಿದ್ದೇವೆ. ಚಿಕ್ಕಪ್ಪ ಮಾತ್ರ ಹಳೆಯ ಸೆನ್ಸರ್ ಹಿಡಿದುಕೊಂಡು, ‘ಇದನ್ನ ಯಾರಾದ್ರೂ ತಗೊಳ್ತಾರೇನೋ ಕೇಳು’ ಎನ್ನುತ್ತಿದ್ದಾರೆ.