ಚಳಿಗೆ ಮುನ್ನ ತಲುಪಬೇಕಾದ ನೆರವು

ಪುಣೆಯ ಚಳಿಯನ್ನು ಯಾರೂ ಆಪತ್ತೆಂದು ಎಣಿಸುವುದಿಲ್ಲ. ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಶಿವಾಜಿನಗರದ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೂ ವಾಯುವಿಹಾರಿಗಳಿಗೆ ಅದು ಆಹ್ಲಾದವೇ. ಹಳೆಯ ಪೇಟೆಗಳ ವಾಡೆಗಳಲ್ಲಿ ಒಂದೇ ಕೋಣೆಯಲ್ಲಿ ಒಂಟಿಯಾಗಿ ಬದುಕುವ ಬಡ ವೃದ್ಧರಿಗೆ ಮಾತ್ರ ಅದು ಲೆಕ್ಕದ ಪ್ರಶ್ನೆ: ಉಳಿದಿರುವ ಅನಿಲದಲ್ಲಿ ಸ್ನಾನಕ್ಕೆ ನೀರು ಕಾಯಿಸಬೇಕೆ, ಅನ್ನ ಬೇಯಿಸಬೇಕೆ? ಕಾಯಿಸಿದ ನೀರನ್ನಷ್ಟೇ ಕುಡಿಯುವ ನಿಯಮ ಹಿಡಿದ ಶ್ರಾವಕ, ಶ್ರಾವಿಕೆಯರಿಗಂತೂ ಇಂಧನದ ಅಭಾವವು ವ್ರತಪಾಲನೆಯ ಸಂಕಟವೂ ಹೌದು.

ಸರ್ಕಾರ ಏನನ್ನೂ ಕೊಟ್ಟಿಲ್ಲವೆಂದಲ್ಲ. 2016ರಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆ ಬಡ ಮನೆಗಳಿಗೆ ಅನಿಲ ಸಂಪರ್ಕ ತಂದಿತು. ಆದರೆ ಸಂಪರ್ಕ ದೊರೆಯುವುದು ವಯಸ್ಕ ಮಹಿಳೆಯ ಹೆಸರಿಗೆ. ಒಂಟಿ ವಿಧುರನಿಗೆ ಆ ಬಾಗಿಲು ತೆರೆಯದು. 2023ರ ಅಕ್ಟೋಬರ್‌ನಲ್ಲಿ 300 ರೂಪಾಯಿಗೆ ಏರಿದ ಸಹಾಯಧನವೂ ಪೂರ್ಣ ಬೆಲೆ ತೆತ್ತ ಬಳಿಕವೇ ಖಾತೆಗೆ ಜಮೆಯಾಗುತ್ತದೆ. ಮೊದಲು ಕೊಳ್ಳಲಾರದವರಿಗೆ ಮರುಪಾವತಿಯಿಂದ ಪ್ರಯೋಜನವೇನು?

ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆ 65 ದಾಟಿದವರಿಗೆ ಮಾಸಿಕ 1,500 ರೂಪಾಯಿ ನೀಡುತ್ತದೆ. 2025ರ ಏಪ್ರಿಲ್‌ನ ಏರಿಕೆಯ ನಂತರ ಸುಮಾರು 850 ರೂಪಾಯಿ ಮುಟ್ಟಿದ ಒಂದು ಸಿಲಿಂಡರ್ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 21,000 ರೂಪಾಯಿ, ಅಂದರೆ ತಿಂಗಳಿಗೆ 1,750. ತಿಂಗಳಿಗೆ 1,800 ಗಳಿಸುವ ಮನೆ ಕಾಗದದ ಮೇಲೆ ಬಡವಲ್ಲ!

ಗೆರೆಯನ್ನು ಅತಿ ಕೆಳಗೆ ಎಳೆದರೆ ಏನಾಗುವುದೆಂಬುದನ್ನು ಬ್ರಿಟನ್ ಕಂಡಿದೆ. 1997ರಿಂದ ಅಲ್ಲಿ ವೃದ್ಧರಿಗೆ ಚಳಿಗಾಲದ ಇಂಧನ ಭತ್ಯೆಯಿದೆ. 2024ರಲ್ಲಿ ಸರ್ಕಾರ ಅದನ್ನು ಕಡುಬಡವರಿಗಷ್ಟೇ ಸೀಮಿತಗೊಳಿಸಿತು. ಗೆರೆಯ ತುಸು ಮೇಲಿದ್ದವರೂ ವಂಚಿತರಾದರು. ಮರುವರ್ಷವೇ ವಾರ್ಷಿಕ ಆದಾಯ 35,000 ಪೌಂಡ್‌ವರೆಗಿನ ಹಿರಿಯರಿಗೆ ಅದನ್ನು ಮರಳಿಸಬೇಕಾಯಿತು.

ಮಹಾರಾಷ್ಟ್ರ ಸರ್ಕಾರ ಆದಾಯಮಿತಿಯನ್ನು ಪರಿಷ್ಕರಿಸಿ, ಪ್ರತಿ ಅಕ್ಟೋಬರ್‌ನಲ್ಲಿ ಒಂದು ಸಿಲಿಂಡರಿನ ಬೆಲೆಯನ್ನು ಪಿಂಚಣಿಯೊಡನೆ ಮುಂಗಡವಾಗಿ ನೀಡಲಿ. ಪುರುಷ, ಮಹಿಳೆ ಎಂಬ ಭೇದ ಅಲ್ಲಿ ಬೇಡ.

ಸಮಾಜದ ಹೊಣೆಯೂ ಕಡಿಮೆಯಲ್ಲ. ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಟ್ರಸ್ಟ್‌ಗಳು ಸಾಮಾನ್ಯವಾಗಿ ವರಮಾನದ ಶೇ. 85ರಷ್ಟನ್ನು ತಮ್ಮ ಉದ್ದೇಶಗಳಿಗೆ ವಿನಿಯೋಗಿಸಬೇಕು. ಟ್ರಸ್ಟ್ ಪತ್ರದಲ್ಲಿ ಬಡವರ ನೆರವು ಉದ್ದೇಶವಾಗಿರುವ ಕಡೆ, ಮಂಟಪದ ಅಲಂಕಾರಕ್ಕೂ ಮೆರವಣಿಗೆಗೂ ಮೀಸಲಿಟ್ಟ ಮೊತ್ತದ ಒಂದಂಶದಿಂದ ಹಿರಿಯರ ಇಂಧನ ನಿಧಿ ಏಕೆ ಆಗಬಾರದು? ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಬೋಧಿಸುವ ಸಮಾಜಕ್ಕೆ ಇದು ಹೊಸ ಧರ್ಮವೇನಲ್ಲ. ಒಲೆ ಉರಿಯದ ಮನೆಯಲ್ಲಿ ಆಹಾರದಾನದ ಅಕ್ಕಿಯೂ ಬೇಯುವುದಿಲ್ಲ.